ಮಲೆನಾಡಿನ ಘಟ್ಟದ ಹಾದಿಗಳಲ್ಲಿ ಸೈಕಲ್ ಪ್ರವಾಸ: ಸಣ್ಣ ಊರುಗಳ ಪೇಟೆಗೊಂದು ಹೊಸ ವಹಿವಾಟು

ಕ್ರಿ.ಶ. 1623ರಲ್ಲಿ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಇಟಲಿಯ ಪ್ರವಾಸಿಯು ಹೊನ್ನಾವರದಿಂದ ಗೇರುಸೊಪ್ಪೆಯ ಮಾರ್ಗವಾಗಿ ಘಟ್ಟವನ್ನೇರಿ ಇಕ್ಕೇರಿಯನ್ನು ತಲುಪಿದನು. ಆತ ಬಂದದ್ದು ಪೋರ್ಚುಗೀಸರ ರಾಯಭಾರದ ಜೊತೆಯಲ್ಲಿ. ರಾಯಭಾರದ ಮುಖ್ಯ ವಿಷಯವೆಂದರೆ ಕೆಳದಿಯ ವೆಂಕಟಪ್ಪ ನಾಯಕನ ನಾಡಿನ ಕಾಳುಮೆಣಸು. ಅಂದು ಮೆಣಸು, ಅಡಕೆ, ಅಕ್ಕಿ ಘಟ್ಟದಿಂದ ಇಳಿಯುತ್ತಿದ್ದವು. ಉಪ್ಪು, ಒಣಮೀನು ಕರಾವಳಿಯಿಂದ ಏರುತ್ತಿದ್ದವು. ಸರಕನ್ನು ಹೊತ್ತು ಸಾಗುತ್ತಿದ್ದುದು ಹೇರೆತ್ತುಗಳ ಸಾಲು. ಎತ್ತು ಒಂದು ದಿನಕ್ಕೆ ನಡೆಯಬಲ್ಲಷ್ಟು ದೂರಕ್ಕೊಂದು ತಂಗುದಾಣ, ತಂಗುದಾಣಕ್ಕೊಂದು ಸಂತೆ, ಸಂತೆಗೊಂದು ಪೇಟೆ ಎಂಬ ಕ್ರಮದಲ್ಲಿ ಮಲೆನಾಡಿನ ಅನೇಕ ಸಣ್ಣ ಊರುಗಳು ಬೆಳೆದವು.

ಮೋಟಾರು ವಾಹನ ಈ ಲೆಕ್ಕವನ್ನು ಬದಲಿಸಿತು. ಬೆಂಗಳೂರಿನಲ್ಲಿ ಬೆಳಗ್ಗೆ ಹೊರಟ ಕಾರು ಮಧ್ಯಾಹ್ನದ ಹೊತ್ತಿಗೆ ಶೃಂಗೇರಿಯಲ್ಲಿರುತ್ತದೆ. ನಡುವಿನ ಊರುಗಳು ಅದರ ಕಿಟಕಿಯಾಚೆ ಸರಿದುಹೋಗುತ್ತವೆ. ಹೆದ್ದಾರಿ ಅಗಲವಾದಷ್ಟೂ ನಡುವಿನ ಪೇಟೆಯ ಅಂಗಡಿ, ಹೋಟೆಲು, ವಸತಿಗೃಹಗಳ ವ್ಯಾಪಾರ ಇಳಿಮುಖವಾಗುವುದು ವರ್ತಕರಿಗೆಲ್ಲ ಅನುಭವವೇದ್ಯವಾದ ಸಂಗತಿ. ಹೀಗಿರುವಾಗ, ಎತ್ತಿನ ಕಾಲದ ದೂರದ ಲೆಕ್ಕವನ್ನು ಮತ್ತೆ ನೆನಪಿಗೆ ತರುವ ಪ್ರವಾಸಿಯೊಬ್ಬನು ಕೆಲವು ವರ್ಷಗಳಿಂದ ಈ ರಸ್ತೆಗಳಲ್ಲಿ ಕಾಣಿಸಿಕೊಳ್ಳತೊಡಗಿದ್ದಾನೆ. ಅವನು ದೂರಪ್ರಯಾಣದ ಸೈಕಲ್ ಸವಾರ. ದಿನಕ್ಕೆ ಅರವತ್ತರಿಂದ ತೊಂಬತ್ತು ಕಿಲೋಮೀಟರ್ ಕ್ರಮಿಸುವ, ಹದಿನೈದು ಇಪ್ಪತ್ತು ಕಿಲೋಮೀಟರಿಗೊಮ್ಮೆ ನಿಂತು ತಿನ್ನಲೇಬೇಕಾದ, ಕತ್ತಲಾಗುವ ಮುನ್ನ ಸಮೀಪದ ಊರಿನಲ್ಲಿ ತಂಗಲೇಬೇಕಾದ ಈ ಅತಿಥಿಯು ಮಲೆನಾಡಿನ ವಾಣಿಜ್ಯಕ್ಕೆ ಏನು ತರಬಲ್ಲನು, ಅವನಿಗಾಗಿ ಇಲ್ಲಿನ ಪೇಟೆಗಳು ಏನು ಸಿದ್ಧಪಡಿಸಬೇಕು ಎಂಬುದು ವಿಚಾರಾರ್ಹವಾಗಿದೆ.

ಹವ್ಯಾಸದ ಬೆಳವಣಿಗೆ

ಗೇರ್ ಸೈಕಲ್ಲಿನ ದೂರಪ್ರಯಾಣವು ಕರ್ನಾಟಕದಲ್ಲಿ ಸಂಘಟಿತ ರೂಪ ಪಡೆದದ್ದು ಈ ಶತಮಾನದ ಮೊದಲ ದಶಕದ ಕೊನೆಯ ವೇಳೆಗೆ. 2008ರಲ್ಲಿ ಆರಂಭಗೊಂಡ ‘ಟೂರ್ ಆಫ್ ನೀಲಗಿರೀಸ್’ ಕರ್ನಾಟಕ, ಕೇರಳ, ತಮಿಳುನಾಡುಗಳ ಬೆಟ್ಟದ ರಸ್ತೆಗಳಲ್ಲಿ ಸುಮಾರು ಒಂದು ವಾರ ಕಾಲ ಸಾಗುವ ಪ್ರವಾಸವಾಗಿ ಹೆಸರು ಪಡೆಯಿತು. ಮಸಿನಗುಡಿಯಿಂದ ಊಟಿಗೆ ಏರುವ, 36 ಹೇರ್‌ಪಿನ್ ತಿರುವುಗಳ ಕಲ್ಲಟ್ಟಿ ಘಟ್ಟವು ಸವಾರರ ಮಾತಿನಲ್ಲಿ ಒಂದು ಅಳತೆಗೋಲೇ ಆಯಿತು.

ಇದರೊಂದಿಗೆ ಬೆಳೆದದ್ದು ಫ್ರಾನ್ಸಿನ ‘ಒಡಾ ಕ್ಲಬ್ ಪಾರಿಸಿಯೆನ್’ ಸಂಸ್ಥೆಯ ನಿಯಮಗಳಂತೆ ನಡೆಯುವ ‘ಬ್ರೆವೆ’ ಸವಾರಿ. ಇದು ಪಂದ್ಯವಲ್ಲ, ನಿಗದಿತ ಅವಧಿಯೊಳಗೆ ದೂರವನ್ನು ಮುಗಿಸುವುದಷ್ಟೇ ಗುರಿ. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 300ಕ್ಕೆ 20 ಗಂಟೆ, 400ಕ್ಕೆ 27 ಗಂಟೆ, 600ಕ್ಕೆ 40 ಗಂಟೆ ಎಂಬುದು ನಿಯಮ. ಒಂದೇ ವರ್ಷದಲ್ಲಿ ಈ ನಾಲ್ಕನ್ನೂ ಪೂರೈಸಿದವರಿಗೆ ‘ಸೂಪರ್ ರಾಂದನರ್’ ಎಂಬ ಮನ್ನಣೆ ದೊರೆಯುತ್ತದೆ. ನಾಲ್ಕು ವರ್ಷಗಳಿಗೊಮ್ಮೆ ಫ್ರಾನ್ಸಿನಲ್ಲಿ ಜರುಗುವ, 1,200 ಕಿಲೋಮೀಟರಿಗೂ ಮೀರಿದ ಪ್ಯಾರಿಸ್–ಬ್ರೆಸ್ತ್–ಪ್ಯಾರಿಸ್ ಸವಾರಿಗೆ 2019ರಲ್ಲಿಯೂ 2023ರಲ್ಲಿಯೂ ಭಾರತದಿಂದ ದೊಡ್ಡ ತಂಡಗಳೇ ತೆರಳಿದ್ದವು. ಇವರಲ್ಲಿ ಬೆಂಗಳೂರಿನವರೂ ಇದ್ದರು. ಅವರು ತಯಾರಿಗಾಗಿ ಘಟ್ಟದ ಏರನ್ನು ಅರಸಿ ಪಶ್ಚಿಮಕ್ಕೆ ಬರುವುದು ಸಹಜವೇ ಆಗಿದೆ.

ವರ್ತಕರು ಗಮನಿಸಬೇಕಾದ ಅಂಶವೊಂದು ಇಲ್ಲಿದೆ. ಬ್ರೆವೆ ಸವಾರನು ದಾರಿಯ ನಿಯಂತ್ರಣ ಕೇಂದ್ರಗಳನ್ನು ದಾಟಿದ್ದಕ್ಕೆ ಪುರಾವೆ ನೀಡಬೇಕಾಗುತ್ತದೆ. ಆ ಪುರಾವೆ ಅನೇಕ ವೇಳೆ ರಸ್ತೆಬದಿಯ ಹೋಟೆಲಿನ ಬಿಲ್ಲು ಅಥವಾ ಅಂಗಡಿಯ ಮೊಹರು. ಅಂದರೆ ಸಣ್ಣ ಊರಿನ ಅಂಗಡಿಯು ಈ ವ್ಯವಸ್ಥೆಯ ಅಂಗವಾಗಿಯೇ ಕೆಲಸ ಮಾಡುತ್ತದೆ.

ಹೊಯ್ಸಳ ನಾಡಿನ ಸುತ್ತು

ಮೊದಲ ಬಾರಿಗೆ ಬರುವ ಸವಾರನಿಗೆ ಹಾಸನದಿಂದ ಆರಂಭವಾಗುವ ಹಾದಿಯೇ ಸೂಕ್ತ. ಹಾಸನದಿಂದ ಬೇಲೂರು ಸುಮಾರು 40 ಕಿ.ಮೀ.; ಅಲ್ಲಿಂದ ಹಳೇಬೀಡು 16 ಕಿ.ಮೀ. ರಸ್ತೆ ಏರಿಳಿಯುತ್ತದೆಯೇ ಹೊರತು ಉಸಿರು ಕಟ್ಟಿಸುವ ಏರಿಲ್ಲ. ಕೆರೆ, ಗದ್ದೆ, ಜೋಳದ ಹೊಲಗಳ ನಡುವೆ ಸಾಗುವ ಈ ಹಾದಿಯಲ್ಲಿ 1117ರಲ್ಲಿ ವಿಷ್ಣುವರ್ಧನನು ಕಟ್ಟಿಸಿದ ಬೇಲೂರಿನ ಚೆನ್ನಕೇಶವ ದೇಗುಲವೂ ಹಳೇಬೀಡಿನ ಹೊಯ್ಸಳೇಶ್ವರ ದೇಗುಲವೂ ಒಂದೇ ದಿನದ ವ್ಯಾಪ್ತಿಗೆ ಬರುತ್ತವೆ. 2023ರ ಸೆಪ್ಟೆಂಬರ್‌ನಲ್ಲಿ ಇವೆರಡೂ ಸೋಮನಾಥಪುರದ ದೇಗುಲದೊಂದಿಗೆ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಪರದೇಶದ ಪ್ರವಾಸಿಗರ ದೃಷ್ಟಿಯೂ ಇತ್ತ ಹರಿದಿದೆ.

ಹಳೇಬೀಡಿನಿಂದ ಚಿಕ್ಕಮಗಳೂರಿನ ಕಡೆಗೆ ಹೊರಟರೆ ಬೆಳವಾಡಿಯ ವೀರನಾರಾಯಣ ದೇಗುಲ ದಾರಿಯಲ್ಲೇ ಸಿಗುತ್ತದೆ. ಕಾರಿನ ಪ್ರವಾಸಿಗರಲ್ಲಿ ಬಹುಮಂದಿ ನೋಡದೆ ಬಿಡುವ ಊರು ಇದು. ಇಂಥ ಊರುಗಳಲ್ಲಿ ನಿಲ್ಲುವುದು ಸೈಕಲ್ ಸವಾರನಿಗೆ ವಿರಾಮ. ಊರಿನ ಎಳನೀರು ಮಾರುವವನಿಗೆ ವ್ಯಾಪಾರ.

ಚಿಕ್ಕಮಗಳೂರಿನಿಂದ ಮುಂದಕ್ಕೆ ಬೆಟ್ಟದ ಪರೀಕ್ಷೆ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ ರಾಜ್ಯದ ಅತ್ಯುನ್ನತ ಶಿಖರ. ಪಟ್ಟಣವೇ ಸಾವಿರ ಮೀಟರಿಗಿಂತ ಮೇಲಿದ್ದರೂ ಅಲ್ಲಿಂದ ಗಿರಿಶ್ರೇಣಿಗೆ ಏರುವ ಕಿರಿದಾದ ರಸ್ತೆ ನುರಿತ ಸವಾರರನ್ನೂ ದಣಿಸುತ್ತದೆ. ವಾರಾಂತ್ಯಗಳಲ್ಲಿ ಈ ಗಿರಿಗೆ ಮುತ್ತುವ ಕಾರುಗಳ ದಟ್ಟಣೆಯನ್ನು ತಗ್ಗಿಸಲು ಜಿಲ್ಲಾಡಳಿತವು 2025ರಲ್ಲಿ ವಾಹನಗಳಿಗೆ ಮುಂಗಡ ನೋಂದಣಿಯ ಕ್ರಮವನ್ನು ತರಬೇಕಾಯಿತು. ಪ್ರವಾಸಿಗರ ಸಂಖ್ಯೆ ಹೆಚ್ಚಿದ ಮಾತ್ರಕ್ಕೆ ಊರಿಗೆ ಲಾಭವಾಗದು, ಅವರು ಹೇಗೆ ಬರುತ್ತಾರೆ ಮತ್ತು ಎಷ್ಟು ಹೊತ್ತು ನಿಲ್ಲುತ್ತಾರೆ ಎಂಬುದೂ ಮುಖ್ಯ ಎಂಬುದಕ್ಕೆ ಇದು ನಿದರ್ಶನ.

ತುಂಗಾ ತೀರದ ಹಾದಿ

ಎರಡನೆಯ ಹಾದಿ ಚಿಕ್ಕಮಗಳೂರಿನಿಂದ ಆಲ್ದೂರು, ಬಾಳೆಹೊನ್ನೂರು, ಜಯಪುರಗಳ ಮೂಲಕ ಶೃಂಗೇರಿಗೆ ಸುಮಾರು 90 ಕಿ.ಮೀ. ಇದು ಅಪ್ಪಟ ಕಾಫಿ ಸೀಮೆ. ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ 1925ರಿಂದ ಅಲ್ಲಿದೆ. ಊರಿನ ಪಕ್ಕದಲ್ಲಿ ಭದ್ರೆ ಹರಿಯುತ್ತಾಳೆ. ನವೆಂಬರ್‌ನಿಂದ ಫೆಬ್ರವರಿಯವರೆಗೆ ರಸ್ತೆಯ ಎರಡೂ ಬದಿ ಕಾಫಿ ಕೊಯ್ಲು, ಕಣದಲ್ಲಿ ಹಣ್ಣು ಒಣಗುವ ವಾಸನೆ. ಮಾರ್ಚ್–ಏಪ್ರಿಲ್‌ನಲ್ಲಿ ಹೂಮಳೆ ಬಿದ್ದು ಕೆಲವು ದಿನಗಳಿಗೆ ತೋಟಕ್ಕೆ ತೋಟವೇ ಬೆಳ್ಳಗಾಗುತ್ತದೆ. ಈ ಎರಡು ಕಾಲಗಳೂ ಸವಾರರಿಗೆ ಪ್ರಶಸ್ತವಾದವು.

ಶೃಂಗೇರಿಯಲ್ಲಿ 14ನೆಯ ಶತಮಾನದ ವಿದ್ಯಾಶಂಕರ ದೇಗುಲವನ್ನು ನೋಡಿ ತಂಗಿದವರು ಮರುದಿನ ಬೆಳಗ್ಗೆ ಸುಮಾರು 28 ಕಿ.ಮೀ. ದೂರದ ಆಗುಂಬೆಗೆ ಹೊರಡಬಹುದು. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ಊರಿನಲ್ಲಿ ಶಂಕರನಾಗ್ ಅವರ ‘ಮಾಲ್ಗುಡಿ ಡೇಸ್’ ಚಿತ್ರೀಕರಣಗೊಂಡಿತು. ಕಾಳಿಂಗ ಸರ್ಪಗಳ ಅಧ್ಯಯನಕ್ಕೆ ಹೆಸರಾದ ಮಳೆಕಾಡು ಸಂಶೋಧನಾ ಕೇಂದ್ರ 2005ರಿಂದ ಇಲ್ಲಿದೆ. ಇಲ್ಲಿಂದ ಪಶ್ಚಿಮಕ್ಕೆ ಸೋಮೇಶ್ವರಕ್ಕೆ ಇಳಿಯುವ ಘಟ್ಟದಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ನುರಿತವರು ಇಳಿಯುವುದಕ್ಕಿಂತ ಸೋಮೇಶ್ವರದಿಂದ ಏರಿ ಬರುವುದನ್ನೇ ಇಷ್ಟಪಡುತ್ತಾರೆ. ಏರುವಾಗ ವೇಗ ಕಡಿಮೆ, ಅಪಾಯವೂ ಕಡಿಮೆ.

ಆಗುಂಬೆಯಿಂದ ತೀರ್ಥಹಳ್ಳಿ ಸುಮಾರು 35 ಕಿ.ಮೀ. ತೀರ್ಥಹಳ್ಳಿಯಲ್ಲಿ ಎರಡು ದಿನ ನಿಂತರೂ ನೋಡಲು ಉಳಿದಿರುತ್ತದೆ. ಕೊಪ್ಪದ ದಾರಿಯಲ್ಲಿ ಕುವೆಂಪು ಅವರ ಕುಪ್ಪಳಿ. ಇನ್ನೊಂದು ದಿಕ್ಕಿನಲ್ಲಿ ಕೆಳದಿ ಅರಸರ ಕವಲೇದುರ್ಗ. ಮುಂದೆ ಅವರ ಕೊನೆಯ ರಾಜಧಾನಿ ಬಿದನೂರು, ಅಂದರೆ ಇಂದಿನ ನಗರ. 1763ರಲ್ಲಿ ಹೈದರಾಲಿಯ ವಶವಾಗುವವರೆಗೆ ಸಿರಿವಂತ ವ್ಯಾಪಾರ ಕೇಂದ್ರವಾಗಿದ್ದ ಈ ಊರು ಇಂದು ಕೋಟೆ, ಕೊಳಗಳ ನಡುವಿನ ಸಣ್ಣ ಹಳ್ಳಿ. ಅಲ್ಲಿಂದ ಹೊಸನಗರದ ಮೂಲಕ ಸಾಗರ ಸೇರಿದರೆ ಕೂಗಳತೆಯಲ್ಲಿ ಇಕ್ಕೇರಿಯ ಅಘೋರೇಶ್ವರ ದೇಗುಲ ಮತ್ತು ಕೆಳದಿ. ಸಾಗರದ ಗುಡಿಗಾರರ ಶ್ರೀಗಂಧದ ಕೆತ್ತನೆ ಹೆಸರುವಾಸಿ. ಸೈಕಲ್ಲಿನಲ್ಲಿ ಭಾರ ಹೊರಲಾಗದ ಪ್ರವಾಸಿಯು ಕೊಂಡದ್ದನ್ನು ಮನೆಗೆ ಪಾರ್ಸೆಲ್ ಕಳುಹಿಸುವ ವ್ಯವಸ್ಥೆ ಅಂಗಡಿಯಲ್ಲೇ ಇದ್ದರೆ ವ್ಯಾಪಾರ ಕುದುರುವುದು ಕಷ್ಟವಲ್ಲ.

ಮಂಜರಾಬಾದಿನಿಂದ ಮಡಿಕೇರಿಗೆ

ಮೂರನೆಯ ಹಾದಿಯ ಆರಂಭ ಸಕಲೇಶಪುರ. ಪಟ್ಟಣದ ಹೊರವಲಯದ ಮಂಜರಾಬಾದ್ ಕೋಟೆಯನ್ನು 1792ರಲ್ಲಿ ಟಿಪ್ಪು ಸುಲ್ತಾನನು ಎಂಟು ಮೂಲೆಗಳ ನಕ್ಷತ್ರಾಕಾರದಲ್ಲಿ ಕಟ್ಟಿಸಿದನು. ಇಲ್ಲಿಂದ ಶಿರಾಡಿ ಘಟ್ಟವನ್ನಿಳಿಯುವ ಬೆಂಗಳೂರು–ಮಂಗಳೂರು ಹೆದ್ದಾರಿಯು ಬಂದರಿನ ಲಾರಿ, ಟ್ಯಾಂಕರುಗಳ ಪಾಲಿಗೆ ಜೀವನಾಡಿ. ಸೈಕಲ್ಲಿಗೆ ಅಲ್ಲಿ ಜಾಗವಿಲ್ಲ. ಸವಾರನು ಹಿಡಿಯಬೇಕಾದದ್ದು ಒಳರಸ್ತೆಗಳನ್ನು. ಒಂದು ಬಿಸಿಲೆ ಘಟ್ಟದ ಮೂಲಕ ಕುಕ್ಕೆ ಸುಬ್ರಹ್ಮಣ್ಯಕ್ಕೆ ಇಳಿಯುತ್ತದೆ. ಕಾಡು ದಟ್ಟ, ಅಂಗಡಿಗಳು ವಿರಳ. ಇನ್ನೊಂದು ಕೊಡ್ಲಿಪೇಟೆ, ಶನಿವಾರಸಂತೆ, ಸೋಮವಾರಪೇಟೆಗಳ ಮೂಲಕ ಮಡಿಕೇರಿಗೆ ಸಾಗುತ್ತದೆ. ಈ ಊರುಗಳ ಹೆಸರುಗಳಲ್ಲೇ ಪೇಟೆ, ಸಂತೆ, ವಾರಗಳಿರುವುದು ಹಳೆಯ ವ್ಯಾಪಾರದ ಹಾದಿಯ ಗುರುತು. ಮಡಿಕೇರಿಯ ಕೋಟೆಯೊಳಗಿನ ಅರಮನೆ, 1820ರ ಓಂಕಾರೇಶ್ವರ ದೇಗುಲ ಈ ಹಾದಿಯ ಕೊನೆಯ ನಿಲ್ದಾಣಗಳು.

ವಹಿವಾಟಿನ ಲೆಕ್ಕ

ಉದಾಹರಣೆಗೆ, ಇಪ್ಪತ್ತು ಸವಾರರ ತಂಡವೊಂದು ಆರು ದಿನಗಳ ಪ್ರವಾಸ ಕೈಗೊಂಡಿತೆನ್ನಿ. ಐದು ರಾತ್ರಿ, ಐದು ಊರು. ಇಬ್ಬರಿಗೊಂದರಂತೆ ಪ್ರತಿ ಊರಿನಲ್ಲಿ ಹತ್ತು ಕೊಠಡಿ. ಒಟ್ಟು ಐವತ್ತು ಕೊಠಡಿಗಳ ಬಾಡಿಗೆ ಐದು ಊರುಗಳಿಗೆ ಹಂಚಿಹೋಗುತ್ತದೆ. ಅದೇ ಇಪ್ಪತ್ತು ಮಂದಿ ಬಸ್ಸಿನಲ್ಲಿ ಬಂದಿದ್ದರೆ ಒಂದೇ ರೆಸಾರ್ಟಿನಲ್ಲಿ ಎರಡು ರಾತ್ರಿ ಕಳೆದು ಹಿಂದಿರುಗುತ್ತಿದ್ದರು. ಸವಾರನು ಹೆಚ್ಚು ಹಣವಂತನೆಂಬುದು ಇಲ್ಲಿನ ವಾದವಲ್ಲ. ಅವನ ಹಣ ಹೆಚ್ಚು ಕೈಗಳಿಗೆ ತಲುಪುತ್ತದೆ ಎಂಬುದೇ ಮುಖ್ಯ. ಇಳಿಜಾರು, ಏರುಗಳ ದಿನವೊಂದರಲ್ಲಿ ಅವನು ಸಾಮಾನ್ಯ ಪ್ರವಾಸಿಗಿಂತ ಬಹಳ ಹೆಚ್ಚು ಉಣ್ಣುತ್ತಾನೆ. ಕೊಟ್ಟಿಗೆಹಾರದ ನೀರುದೋಸೆ, ಕೊಪ್ಪದ ಕಡುಬು, ಸೋಮವಾರಪೇಟೆಯ ಅಕ್ಕಿರೊಟ್ಟಿ ಅವನ ಪಾಲಿಗೆ ರುಚಿಯೂ ಹೌದು, ಇಂಧನವೂ ಹೌದು.

ಮಲೆನಾಡಿಗೆ ಇದು ಈಗ ಅಗತ್ಯವೂ ಆಗಿದೆ. ಶೃಂಗೇರಿ, ಕೊಪ್ಪ ಭಾಗದ ಅಡಕೆ ತೋಟಗಳನ್ನು ಹಳದಿ ಎಲೆ ರೋಗ ದಶಕಗಳಿಂದ ಕಾಡುತ್ತಿದೆ. ಇತ್ತೀಚಿನ ವರ್ಷಗಳಲ್ಲಿ ಎಲೆಚುಕ್ಕೆ ರೋಗವೂ ಅದಕ್ಕೆ ಸೇರಿಕೊಂಡಿದೆ. ಕಾಫಿಯ ಬೆಲೆ ಪರದೇಶದ ಮಾರುಕಟ್ಟೆಯ ಮರ್ಜಿಗೆ ಒಳಪಟ್ಟದ್ದು. ಸಣ್ಣ ಹಿಡುವಳಿದಾರನ ಮಕ್ಕಳು ಬೆಂಗಳೂರಿಗೆ ಹೋಗಿ, ಮನೆಯಲ್ಲಿ ವೃದ್ಧರಷ್ಟೇ ಉಳಿದ ದೊಡ್ಡ ಮನೆಗಳು ಹಳ್ಳಿಹಳ್ಳಿಗಳಲ್ಲಿವೆ. ಅಂಥ ಮನೆಯ ಎರಡು ಕೋಣೆಗಳು ನೋಂದಾಯಿತ ಹೋಂಸ್ಟೇ ಆಗಿ ವರ್ಷದಲ್ಲಿ ಕೆಲವು ತಿಂಗಳಾದರೂ ತುಂಬಿದರೆ, ಅದು ತೋಟದ ಆದಾಯಕ್ಕೆ ಆಸರೆಯಾಗುತ್ತದೆ. ಊರಿಗೆ ಮರಳಲು ಒಬ್ಬ ಮಗನಿಗೋ ಮಗಳಿಗೋ ಕಾರಣವೂ ಆಗಬಹುದು.

ತೆರಿಗೆಯ ದೃಷ್ಟಿಯಿಂದಲೂ ಅನುಕೂಲವಾಗಿದೆ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ಲು ಮತ್ತು ಬಿಡಿಭಾಗಗಳ ಮೇಲಿನ ಜಿ.ಎಸ್.ಟಿ. ಶೇ. 12ರಿಂದ ಶೇ. 5ಕ್ಕೆ ಇಳಿಯಿತು. ದಿನಕ್ಕೆ 7,500 ರೂಪಾಯಿವರೆಗಿನ ಬಾಡಿಗೆಯ ಕೊಠಡಿಗಳ ಮೇಲಿನ ತೆರಿಗೆಯೂ ಶೇ. 5 ಆಯಿತು, ಆದರೆ ಇದಕ್ಕೆ ಹೂಡುವಳಿ ತೆರಿಗೆ ಜಮೆಯ ಸೌಲಭ್ಯವಿಲ್ಲ ಎಂಬುದನ್ನು ವಸತಿಗೃಹದ ಮಾಲೀಕರು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಕೊರತೆ ಎಲ್ಲಿದೆ?

ಕೊರತೆಗಳು ದೊಡ್ಡ ಬಂಡವಾಳ ಬೇಡುವಂಥವಲ್ಲ, ಗಮನ ಬೇಡುವಂಥವು. ಮೊದಲನೆಯದು ಸೈಕಲ್ಲಿಗೆ ಜಾಗ. ಒಂದು ಲಕ್ಷ ರೂಪಾಯಿಗೂ ಮಿಕ್ಕಿ ಬೆಲೆಬಾಳುವ ಸೈಕಲ್ಲನ್ನು ಹೊರಗೆ ಮೆಟ್ಟಿಲ ಬಳಿ ನಿಲ್ಲಿಸಿ ಬನ್ನಿ ಎಂದು ವಸತಿಗೃಹದ ಕೌಂಟರಿನಲ್ಲಿ ಹೇಳಿದರೆ, ಸವಾರನು ಬೇರೆ ಊರಿಗೇ ಹೊರಟುಹೋಗುತ್ತಾನೆ. ಬೀಗ ಹಾಕಬಲ್ಲ ಒಂದು ಖಾಲಿ ಕೋಣೆ ಸಾಕು.

ಜರ್ಮನಿಯ ಸೈಕಲ್ ಸವಾರರ ಸಂಘವು 1995ರಿಂದ ‘ಬೆಟ್ ಪ್ಲಸ್ ಬೈಕ್’ ಎಂಬ ಹೆಸರಿನಲ್ಲಿ ವಸತಿಗೃಹಗಳಿಗೆ ಮನ್ನಣೆಯ ಫಲಕ ನೀಡುತ್ತ ಬಂದಿದೆ. ಒಂದೇ ರಾತ್ರಿಗೆ ಬಂದವರಿಗೂ ಕೊಠಡಿ ಕೊಡುವುದು, ಸೈಕಲ್ಲಿಗೆ ಬೀಗದ ಕೋಣೆ, ಒದ್ದೆ ಬಟ್ಟೆ ಒಣಗಿಸುವ ಅನುಕೂಲ, ಪುಷ್ಟಿಯಾದ ಬೆಳಗಿನ ತಿಂಡಿ, ರಿಪೇರಿಗೆ ಬೇಕಾದ ಸಾಮಾನ್ಯ ಉಪಕರಣ ಇವೇ ಅದರ ಮುಖ್ಯ ನಿಬಂಧನೆಗಳು. ಇಂಥ ಸಾವಿರಾರು ವಸತಿಗೃಹಗಳು ಅಲ್ಲಿವೆ. ಮಲೆನಾಡಿನ ಜಿಲ್ಲಾ ವಾಣಿಜ್ಯ ಸಂಘಗಳು ಮತ್ತು ಹೋಟೆಲು ಮಾಲೀಕರ ಸಂಘಗಳು ಸೇರಿದರೆ ಇದೇ ಮಾದರಿಯ ಪಟ್ಟಿಯೊಂದನ್ನು ಸಿದ್ಧಪಡಿಸುವುದು ಅಸಾಧ್ಯವೇನಲ್ಲ. ಮನೆಯ ಬಚ್ಚಲ ಒಲೆಯ ಮೇಲೆ ಬಟ್ಟೆ ಒಣಗಿಸುವುದನ್ನು ಮಲೆನಾಡಿಗರಿಗೆ ಯಾರೂ ಕಲಿಸಬೇಕಾಗಿಲ್ಲ.

ಎರಡನೆಯದು ರಿಪೇರಿ. ಊರಿನ ಸೈಕಲ್ ಅಂಗಡಿಯ ಪಂಪು ಸಾಮಾನ್ಯ ಸೈಕಲ್ಲಿನ ವಾಲ್ವಿಗೆ ಹೊಂದುತ್ತದೆ. ರೋಡ್ ಸೈಕಲ್ಲಿನ ತೆಳ್ಳಗಿನ ‘ಪ್ರೆಸ್ಟಾ’ ವಾಲ್ವಿಗೆ ಹೊಂದದು. ಬೆರಳ ತುದಿಯಷ್ಟಿನ ಹಿತ್ತಾಳೆಯ ಅಡಾಪ್ಟರ್ ಒಂದಿದ್ದರೆ ಸಮಸ್ಯೆ ಮುಗಿಯಿತು. ಅದರೊಂದಿಗೆ 700 ಅಳತೆಯ ನಾಲ್ಕಾರು ಟ್ಯೂಬು, ಬ್ರೇಕ್ ಪ್ಯಾಡು, ಚೈನ್ ಎಣ್ಣೆ, ಬ್ರೇಕ್ ಮತ್ತು ಗೇರ್ ಕೇಬಲ್ಲು ಇಟ್ಟುಕೊಂಡರೆ ಆ ಅಂಗಡಿಯ ಹೆಸರು ಸವಾರರ ನಡುವೆ ಬಾಯಿಂದ ಬಾಯಿಗೆ ಹಬ್ಬುತ್ತದೆ. ಬಾಡಿಗೆಗೆ ಸೈಕಲ್ಲು ಕೊಡುವವರು ಗೇರಿನ ಆಯ್ಕೆಯಲ್ಲಿ ಎಚ್ಚರ ವಹಿಸಬೇಕು. ಮುಂದಿನ ಚಿಕ್ಕ ಚಕ್ರಕ್ಕೆ 34 ಹಲ್ಲು, ಹಿಂದಿನ ದೊಡ್ಡ ಚಕ್ರಕ್ಕೂ 34 ಹಲ್ಲು ಇದ್ದರೆ ಪೆಡಲಿನ ಒಂದು ಸುತ್ತಿಗೆ ಸೈಕಲ್ಲು ಸುಮಾರು ಎರಡು ಮೀಟರ್ ಮುಂದೆ ಹೋಗುತ್ತದೆ. ನಿಮಿಷಕ್ಕೆ ಅರವತ್ತು ಸುತ್ತಿನಲ್ಲಿ ಗಂಟೆಗೆ ಏಳು ಕಿಲೋಮೀಟರ್ ವೇಗ. ಘಟ್ಟಕ್ಕೆ ಅಷ್ಟು ಹಗುರವಾದ ಗೇರೇ ಬೇಕು. ಬಯಲಿನ ಸೈಕಲ್ಲನ್ನು ಕೊಟ್ಟು ಕಳುಹಿಸಿದರೆ ಗಿರಾಕಿ ಮರಳಿ ಬಾರನು.

ಮೂರನೆಯದು ತಲುಪುವ ಬಗೆ. ರೈಲಿನಲ್ಲಿ ಸೈಕಲ್ಲನ್ನು ಪಾರ್ಸೆಲ್ ಕಚೇರಿಯಲ್ಲಿ ಬುಕ್ ಮಾಡಿ ಬ್ರೇಕ್ ವ್ಯಾನಿನಲ್ಲಿ ಸಾಗಿಸಬಹುದು. ಆದರೆ ಸಣ್ಣ ನಿಲ್ದಾಣಗಳಲ್ಲಿ ರೈಲು ನಿಲ್ಲುವ ಒಂದೆರಡು ನಿಮಿಷದಲ್ಲಿ ಇಳಿಸಿಕೊಳ್ಳುವುದು ಕಷ್ಟ. ಹಾಸನ, ಶಿವಮೊಗ್ಗದಂಥ ದೊಡ್ಡ ನಿಲ್ದಾಣಗಳಿಂದ ಪ್ರವಾಸ ಆರಂಭಿಸುವಂತೆ ಯೋಜಿಸುವುದೇ ಮೇಲು.

ಸುರಕ್ಷತೆಯ ಹೊಣೆ

ಈ ಎಲ್ಲ ಅನುಕೂಲಗಳೂ ಒಂದು ಅಪಘಾತದ ಮುಂದೆ ವ್ಯರ್ಥ. ಘಟ್ಟದ ರಸ್ತೆಗಳಲ್ಲಿ ಸೈಕಲ್ಲಿಗೆ ಪ್ರತ್ಯೇಕ ಪಥವಿಲ್ಲ. ಡಾಂಬರಿನ ಅಂಚು ಮುಗಿದಲ್ಲಿ ಚರಂಡಿ. ಮಂಜು ಕವಿದ ತಿರುವಿನಲ್ಲಿ ಬಸ್ಸಿನ ಚಾಲಕನಿಗೆ ಸವಾರನು ಕಾಣುವುದು ಕೊನೆಯ ಕ್ಷಣದಲ್ಲಿ. ಹಗಲಿನಲ್ಲೂ ಉರಿಯುವ ಹಿಂದೀಪ, ಹೊಳೆಯುವ ಅಂಗಿ, ಹೆಲ್ಮೆಟ್ ಇವನ್ನು ಆಯೋಜಕರು ಕಡ್ಡಾಯಗೊಳಿಸಬೇಕು. ಇಳಿಜಾರಿನಲ್ಲಿ ಒಂದೇ ಸಮನೆ ಬ್ರೇಕ್ ಹಿಡಿದರೆ ರಿಮ್ ಕಾಯುತ್ತದೆ. ನಡುನಡುವೆ ಬಿಟ್ಟು ಹಿಡಿಯುವ ಅಭ್ಯಾಸ ಬೇಕು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟ ಸವಾರಿಯನ್ನು ಯಾರೂ ಪ್ರೋತ್ಸಾಹಿಸಬಾರದು. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ, 2019ರಲ್ಲಿ ಚಾರ್ಮಾಡಿಯಲ್ಲಿ ಗುಡ್ಡ ಕುಸಿದ ನೆನಪು ಇನ್ನೂ ಹಸಿಯಾಗಿದೆ. ಸಕಲೇಶಪುರ, ಆಲೂರು ಭಾಗದಲ್ಲಿ ಕಾಡಾನೆಗಳು ತೋಟದಿಂದ ತೋಟಕ್ಕೆ ದಾಟುವುದು ನಿತ್ಯದ ಮಾತು. ಪ್ರತಿ ವರ್ಷ ತೋಟದ ಕಾರ್ಮಿಕರು ಪ್ರಾಣ ಕಳೆದುಕೊಳ್ಳುವ ಸೀಮೆಯಲ್ಲಿ ಪ್ರವಾಸಿಯ ಹುಡುಗಾಟಕ್ಕೆ ಎಡೆಯಿಲ್ಲ. ಸೂರ್ಯೋದಯಕ್ಕೆ ಮುನ್ನ, ಸೂರ್ಯಾಸ್ತದ ನಂತರ ಈ ರಸ್ತೆಗಳಿಗೆ ಇಳಿಯಬಾರದು. ಹೊರಡುವ ಮುನ್ನ ಆತಿಥೇಯರಲ್ಲಿ ಆನೆಯ ಸುದ್ದಿ ವಿಚಾರಿಸಬೇಕು. ಬಂಡೀಪುರದಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರ ನಿರ್ಬಂಧವಿರುವುದನ್ನೂ, ಕುದುರೆಮುಖದಂಥ ರಾಷ್ಟ್ರೀಯ ಉದ್ಯಾನದ ಚೆಕ್‌ಪೋಸ್ಟ್‌ಗಳಲ್ಲಿ ಅರಣ್ಯ ಇಲಾಖೆಯ ಸೂಚನೆಗಳೇ ಅಂತಿಮವೆಂಬುದನ್ನೂ ಮರೆಯಬಾರದು. 2012ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮಘಟ್ಟದ 39 ತಾಣಗಳಲ್ಲಿ 10 ಕರ್ನಾಟಕದವು. ಪ್ರವಾಸಿಯನ್ನು ಇಲ್ಲಿಗೆ ಸೆಳೆಯುವುದು ಆ ಕಾಡೇ. ಅದು ಉಳಿಯದೆ ಈ ವ್ಯವಹಾರವೂ ಉಳಿಯದು.

ಮುಂದಿನ ಹೆಜ್ಜೆ

ಮಾಡಬೇಕಾದ ಕೆಲಸಗಳ ಪಟ್ಟಿ ಚಿಕ್ಕದು. ಪ್ರತಿ ತಾಲ್ಲೂಕಿನಲ್ಲಿ ಸೈಕಲ್ಲಿಗೆ ಜಾಗ ಕೊಡುವ ವಸತಿಗೃಹ, ಹೋಂಸ್ಟೇ, ರಿಪೇರಿ ಅಂಗಡಿ, ಆಸ್ಪತ್ರೆಗಳ ಪಟ್ಟಿಯನ್ನು ವರ್ತಕರ ಸಂಘಗಳು ಸಿದ್ಧಪಡಿಸಬೇಕು. ಲೋಕೋಪಯೋಗಿ ಇಲಾಖೆಯ ಮುಂದೆ ತಿರುವುಗಳಲ್ಲಿ ಎಚ್ಚರಿಕೆ ಫಲಕ ಮತ್ತು ರಸ್ತೆಯಂಚಿನ ದುರಸ್ತಿಯ ಬೇಡಿಕೆ ಇಡಬೇಕು. ಬಸ್ಸು, ಲಾರಿ, ಜೀಪುಗಳ ಚಾಲಕರ ಸಂಘಗಳೊಂದಿಗೆ ಮಾತುಕತೆ ನಡೆಸಬೇಕು. ಘಟ್ಟವನ್ನು ದಿನವೂ ಹತ್ತಿಳಿಯುವ ಅವರ ಸಹಕಾರವಿಲ್ಲದೆ ಯಾವ ಫಲಕವೂ ಕೆಲಸ ಮಾಡದು. ಕಾಫಿ ಕೊಯ್ಲಿನ ಕಾಲದ ಒಂದು ವಾರವನ್ನು ಆಯ್ದುಕೊಂಡು, ಒಂದೇ ಒಂದು ಹಾದಿಯಲ್ಲಿ ಪ್ರಯೋಗ ನಡೆಸಿ, ಯಾವ ಊರಿನಲ್ಲಿ ಎಷ್ಟು ಖರ್ಚಾಯಿತೆಂದು ಲೆಕ್ಕವಿಟ್ಟರೆ ಮುಂದಿನ ನಿರ್ಧಾರಕ್ಕೆ ಗಟ್ಟಿಯಾದ ಆಧಾರ ದೊರೆಯುತ್ತದೆ.

ಇಕ್ಕೇರಿಯ ಮೆಣಸಿಗಾಗಿ ಒಂದು ಕಾಲಕ್ಕೆ ಪರದೇಶದ ರಾಯಭಾರವೇ ಘಟ್ಟ ಹತ್ತಿ ಬಂದಿತ್ತು. ಇಂದು ಘಟ್ಟ ಹತ್ತಿ ಬರುವವನು ರಾಯಭಾರಿಯಲ್ಲ. ಬೆವರಿಳಿಸುತ್ತ ಬಂದು ಅಂಗಡಿಯ ಮುಂದೆ ಸೈಕಲ್ಲು ಒರಗಿಸಿ, ಒಂದು ಲೋಟ ಕಾಫಿ ಮತ್ತು ಎರಡು ತಟ್ಟೆ ತಿಂಡಿ ಕೇಳುವ ಗಿರಾಕಿ. ಅವನಿಗೆ ಸೈಕಲ್ಲು ನಿಲ್ಲಿಸಲು ನೆರಳಿನ ಜಾಗ ತೋರಿಸುವುದರಿಂದಲೇ ಈ ವ್ಯವಹಾರ ಆರಂಭವಾಗುತ್ತದೆ.